ಮುಲಾಜಿನ ಗುಳಿಗೆ

ನಮ್ಮ ಕಾಕಾನನ್ನು ಮುಗಿಸಿಬಿಡಲು ದಮ್ಮಿನ ಕಾಯಿಲೆ ಬಹಳ ವರ್ಷಗಳಿಂದ ಪ್ರಯತ್ನ ನಡೆಸಿದೆ. ಪಾಪ, ಅದರ ಕೈಯಲ್ಲಿ ಆಗಿಲ್ಲ. ಅದಕ್ಕೆ ಆಗದ ಕೆಲಸವನ್ನು ಕಾಕಾನ ಮುಲಾಜು ಒಂದೇ ವಾರದಲ್ಲಿ ಮಾಡಿ ಮುಗಿಸುವುದರಲ್ಲಿತ್ತು!

ಮುಲಾಜು ಅಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಎದುರಿಗಿರುವವರ ಮೋರೆ ಸಣ್ಣದಾಗಬಾರದೆಂದು ನಮ್ಮ ಜೀವ ಸಣ್ಣ ಮಾಡಿಕೊಳ್ಳುವುದಕ್ಕೆ ಮುಲಾಜು ಎನ್ನುತ್ತಾರೆ. ಅಷ್ಟೋ ಇಷ್ಟೋ ಎಲ್ಲರಿಗೂ ಅದು ಇರುತ್ತದೆ. ಕಾಕಾಗೆ ಅದು ಬಿಟ್ಟು ಬೇರೇನೂ ಇರಲಿಲ್ಲ.

ಒಮ್ಮೆ ಅವರು ಚಿತ್ತಾಪುರದಲ್ಲಿ ತಪ್ಪು ಮದುವೆಗೆ ಹೋದರು. ಅಕ್ಕಪಕ್ಕ ಎರಡು ಕಲ್ಯಾಣಮಂಟಪ. ಮೊದಲನೆಯದರ ಬಾಗಿಲಲ್ಲಿ ಯಾರೋ "ಬರ್ರಿ ಬರ್ರಿ, ನಿಮ್ಮ ಹಾದೀನೇ ನೋಡಾಕತ್ತಿದ್ವಿ" ಎಂದು ಕೈ ಹಿಡಿದರು. ಹಾಗೆ ಕೈ ಹಿಡಿದವರಿಗೆ "ನಾನು ನಿಮ್ಮವನಲ್ಲ" ಎಂದು ಹೇಗೆ ಹೇಳುವುದು? ಕಾಕಾ ಒಳಗೆ ಹೋದರು, ಅಕ್ಷತೆ ಹಾಕಿದರು, ಉಂಡರು, ವರನಿಗೆ ಉಡುಗೊರೆ ಕೊಟ್ಟು ಫೋಟೋಕ್ಕೆ ನಿಂತರು. ಸರಿಯಾದ ಮದುವೆಗೆ ಹೋಗಲೇ ಇಲ್ಲ, ಹೊಟ್ಟೆ ತುಂಬಿತ್ತು. ಆ ತಪ್ಪು ಬೀಗರು ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ. ಸರಿಯಾದ ಬೀಗರು ಮಾತು ಬಿಟ್ಟಿದ್ದಾರೆ. ಈ ಮದುವೆ ನಡೆದದ್ದು ಚಿತ್ತಾಪುರದಲ್ಲಲ್ಲ, ಗುಂಡಗುರ್ತಿಯಲ್ಲಿ ಎಂದು ನನ್ನ ತಂಗಿ ವಾದಿಸುತ್ತಾಳೆ. ಗುಂಡಗುರ್ತಿಯಲ್ಲಿ ಅಕ್ಕಪಕ್ಕ ಎರಡು ಕಲ್ಯಾಣಮಂಟಪ ಇವೆಯೇ ಎಂದು ನಾನು ಕೇಳುತ್ತೇನೆ. ಹೀಗೆ ನಮ್ಮ ಮನೆಯಲ್ಲಿ ಕಾಕಾನ ಕಥೆ ಹೇಳುವವರಿಗೆಲ್ಲ ಒಂದೊಂದು ಊರು ಉಂಟು. ಆದ್ದರಿಂದ ಮುಂದೆ ಹೇಳುವುದರಲ್ಲಿ ಯಾವುದಾದರೂ ಬಹಳ ಚೆಂದವಾಗಿ ಕೂತಿದೆ ಅನಿಸಿದರೆ, ಅಲ್ಲಿ ನನ್ನನ್ನು ನಂಬಬೇಡಿ.

ಕಾಕಾ ಶಹಾಬಾದದಲ್ಲಿ ಹಾಸುಗಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿದವರು. ಊರವರ ಅಂಗಳ, ಅಡುಗೆಮನೆ, ದೇವರಮನೆಗಳನ್ನು ಕನ್ನಡಿಯಂತೆ ಮಾಡಿ, ಅದರ ಪುಡಿಯನ್ನೆಲ್ಲ ತಾವು ಒಳಗೆ ಎಳೆದುಕೊಂಡರು. ಮೆಟ್ಟಿಲು ಹತ್ತಿದರೆ ಅವರ ಎದೆಯಿಂದ ಸೀಟಿಯಂಥ ಸದ್ದು ಬರುತ್ತದೆ. ಅದನ್ನು ಕೇಳಿ ಕುಕ್ಕರ್ ಕೂಗಿತೆಂದು ಮನೆಯವರು ಅಡುಗೆಮನೆಗೆ ಓಡಿದ್ದೂ ಉಂಟು.

ಡಾಕ್ಟರ ಹತ್ತಿರ ಹೋಗುವುದಿಲ್ಲವೆಂದಲ್ಲ. ಹೋಗುತ್ತಿದ್ದರು. ಶಹಾಬಾದದ ಡಾಕ್ಟರು ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು, ಕಾಕಾ ಕೊಳ್ಳಲಿಲ್ಲ. ಕೊಳ್ಳದೆ ಮತ್ತೆ ಯಾವ ಮೋರೆ ಇಟ್ಟುಕೊಂಡು ಅವರ ಮುಂದೆ ಹೋಗುವುದು? ವಾಡಿಯ ಡಾಕ್ಟರಲ್ಲಿಗೆ ಹೋದರು. ವಾಡಿಯವರು ಎಕ್ಸ್‌ರೇ ಹೇಳಿದರು, ತೆಗೆಸಲಿಲ್ಲ. ಚಿತ್ತಾಪುರಕ್ಕೆ ಹೋದರು. ಅಲ್ಲಿಯೂ ಏನೋ ಒಂದು ಆಯಿತು. ಹೀಗೆ ರೈಲು ಹಳಿಯಗುಂಟ ಒಬ್ಬೊಬ್ಬ ಡಾಕ್ಟರನ್ನೇ ಮುಗಿಸುತ್ತ ಕಾಕಾ ಸೇಡಂಗೆ ಬಂದು ಮುಟ್ಟಿದರು. ಇನ್ನು ಮುಂದೆ ತಾಂಡೂರು, ತೆಲಂಗಾಣ. ಅಲ್ಲಿ ಹೋದರೆ ತೆಲುಗಿನಲ್ಲಿ ಸುಳ್ಳು ಹೇಳಬೇಕಾಗುತ್ತಿತ್ತು; ಅಷ್ಟು ತೆಲುಗು ಅವರಿಗೆ ಬರುವುದಿಲ್ಲ. ಅದಕ್ಕೇ ಸೇಡಮ್ಮಿನ ಡಾಕ್ಟರಮ್ಮನೇ ಅವರ ಕೊನೆಯ ಸ್ಟೇಷನ್ನು.

ಮೊದಲ ಭೇಟಿಯಲ್ಲಿ ನಾನಿರಲಿಲ್ಲ. ಕಾಕಾ ಹೇಳುವುದು ಒಂದು ಥರ, ಡಾಕ್ಟರಮ್ಮ ಹೇಳುವುದು ಇನ್ನೊಂದು ಥರ. ಎರಡನ್ನೂ ಕೂಡಿಸಿ ಹೊಲಿದಿದ್ದೇನೆ.

"ಕುಂದುರ್ರಿ. ಏನ ತ್ರಾಸ ಅದ?"

"ತ್ರಾಸ ಅಂತೇನಿಲ್ರಿ ಮೇಡಂ. ನಿಮ್ಮ ಹೆಸರ ಭಾಳ ಕೇಳಿದ್ದೆ. ಮಾತಾಡಿಸಿ ಹೋಗಮ ಅಂತ ಬಂದೆ."

"ಮತ್ತ ಈ ಸೀಟಿ ಎಲ್ಲಿಂದ ಬರ್ಲಿಕತ್ತದ?"

"ಅದು ಹಳೇದ್ರಿ. ಅದರ ಕಡಿ ಲಕ್ಷ್ಯ ಕೊಡಬ್ಯಾಡ್ರಿ."

"ಬೀಡಿ ಸೇದತೀರಿ?"

"ಛೇ ಛೇ," ಎಂದು ಕಾಕಾ ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡರು.

"ಎದಿ ನೋವು ಬರತದೇನು?"

"ಇಲ್ರಿ. ಇದು ನಿಮಗ ನಮಸ್ಕಾರ."

ಆ ಜೇಬಿನಲ್ಲಿ ಬೀಡಿಕಟ್ಟು ಇತ್ತು. ನಮಗ್ಯಾರಿಗೂ ಆಗ ಇದು ಗೊತ್ತಿರಲಿಲ್ಲ; ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹೆಂಡತಿಯ, ಅಂದರೆ ನಮ್ಮ ಕಕ್ಕಿಯ, ಮುಂದೆ ಎಂದೋ ಆಣೆ ಮಾಡಿ ಬೀಡಿ ಬಿಟ್ಟಿದ್ದ ಕಾಕಾ, ಕಾರ್ಖಾನೆಯಲ್ಲಿ ಕಲ್ಲಿನ ಸಾಲಿನ ಹಿಂದೆ ನಿಂತು ಸೇದುತ್ತಿದ್ದರು. ಮನೆಗೆ ಹೊರಡುವ ಮುಂಚೆ ಬಾಯಿ ತುಂಬ ಬಡೇಸೋಪು, ಅಂದರೆ ಸೋಂಪು, ಅಗಿಯುತ್ತಿದ್ದರು. ಕಾಕಾನ ಹತ್ತಿರ ಸುಳಿದರೆ ಮದುವೆ ಊಟ ಮುಗಿದ ವಾಸನೆ ಬರುತ್ತದೆಂದು ನಾವೆಲ್ಲ ನಗುತ್ತಿದ್ದೆವು.

ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟರು. ಜೊತೆಗೆ ತಿಳಿಸಿ ಹೇಳಿದರು. "ಇದು ದಿನಪೂರ್ತಿ ಒಳಗ ಸ್ವಲ್ಪ ಸ್ವಲ್ಪ ಕರಗೋ ಗುಳಿಗಿ. ಒಡೀಬ್ಯಾಡ್ರಿ, ಅರೀಬ್ಯಾಡ್ರಿ, ಅಗೀಬ್ಯಾಡ್ರಿ. ಇಡೀದೇ ನುಂಗಬೇಕು. ಹೇಳಿದ ಹೊತ್ತಿಗೇ ತಗೋಬೇಕು. ಒಂದ ಹೊತ್ತು ಮರತ್ರ ಮುಂದಿನ ಹೊತ್ತಿಗೆ ಎರಡು ನುಂಗಬ್ಯಾಡ್ರಿ. ದಮ್ಮು ಒಮ್ಮಿಗೇ ಏರಿದಾಗ ಇದು ಉಪಯೋಗಿಲ್ಲ, ಆಗ ಪಂಪೇ ಬೇಕು. ಬ್ಯಾರೇ ಯಾವ ಔಷಧ ತಗೊಳೋದಿದ್ರೂ ನನಗ ಕೇಳ್ರಿ. ಚಹಾನೂ ಕಮ್ಮಿ ಮಾಡ್ರಿ. ಈ ಗುಳಿಗಿನೂ ಚಹಾನೂ ಒಂದೇ ಮನೆತನದವು."

"ಬೀಗರೇನ್ರಿ?"

"ಬೀಗರಲ್ಲ, ಅಣ್ಣತಮ್ಮರು. ಕೂಡಿದ್ರ ಎದಿಯೊಳಗ ಜಗಳ."

ಪ್ರತಿ ಮಾತಿಗೂ ಕಾಕಾ ತಲೆಯಾಡಿಸಿದರು. ಅಷ್ಟು ಮನಸ್ಸಿಟ್ಟು ತಲೆಯಾಡಿಸುವ ರೋಗಿಯನ್ನು ತಾನು ಕಂಡಿರಲಿಲ್ಲ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಅವರಿಗೇನು ಗೊತ್ತು, ತಪ್ಪು ಮದುವೆಯಲ್ಲಿಯೂ ಕಾಕಾ ಹೀಗೇ ತಲೆಯಾಡಿಸಿದ್ದರು.

ಇನ್ನು ಕಾರ್ಖಾನೆಯ ಕಥೆ. ಅಲ್ಲಿ ಕಾಕಾನ ಜೊತೆಗಾರರು ಇಸ್ಮಾಯಿಲ್ ಸಾಬರು. ಇಬ್ಬರೂ ಒಂದೇ ಪುಡಿ ಕುಡಿದವರು, ಒಂದೇ ರೀತಿ ಕೆಮ್ಮುವವರು. ಎಷ್ಟೋ ವರ್ಷದಿಂದ ಅವರು ಒಂದು ಚಹಾ ಹೇಳಿ, ಒಬ್ಬರು ಕಪ್ಪಿನಲ್ಲಿ ಒಬ್ಬರು ಅದರ ಕೆಳಗಿನ ಬಸಿಯಲ್ಲಿ ಕುಡಿಯುತ್ತಾರೆ. ಇದು ಜಿಪುಣತನವಲ್ಲ. ನಮ್ಮ ಕಡೆ ಎದುರಿಗೆ ಒಬ್ಬರು ಕೂತಿರುವಾಗ ಪೂರ್ತಿ ಕಪ್ಪು ಒಬ್ಬನೇ ಕುಡಿಯುವುದು, ಬಾಗಿಲು ಮುಚ್ಚಿಕೊಂಡು ಹೋಳಿಗೆ ತಿಂದ ಹಾಗೆ. ಹೀಗಿರುವಾಗ ಇಸ್ಮಾಯಿಲ್ ಸಾಬರು ಎದುರಿಗೆ ಖೊಕ್ ಖೊಕ್ ಎಂದು ಕೆಮ್ಮುತ್ತಿದ್ದರೆ, ಕಾಕಾ ತಾವೊಬ್ಬರೇ ಕೆಮ್ಮಿನ ಗುಳಿಗೆ ಬಾಯಿಗೆ ಹಾಕಿಕೊಳ್ಳುವುದು ಸಾಧ್ಯವೇ?

ಕಾಕಾ ಗುಳಿಗೆಯನ್ನು ನಯವಾದ ಕಲ್ಲಿನ ಮೇಲಿಟ್ಟು, ಮೊದಲು ಉಗುರಿನಿಂದ ಅದರ ಮೇಲಿನ ಬಣ್ಣ ಕೆರೆದರು.

"ಯಾಕ ಕೆರಿತೀರಿ?" ಎಂದು ಇಸ್ಮಾಯಿಲ್ ಸಾಬರು.

"ಇದು ಪಾಲಿಶ್. ಗಿರಾಕಿ ಕಣ್ಣಿಗೆ ಇರೋದು. ನಾವೇನು ಗಿರಾಕಿ ಏನು? ಮಾಲು ಒಳಗ ಇರತದ."

ಆಮೇಲೆ ಚಾಕುವಿನ ಮೊನೆ ಇಟ್ಟು ಟಕ್ ಎಂದು ಹೊಡೆದರು. ಸೀಳಿದ ಎರಡು ಹೋಳಿನಲ್ಲಿ ಹೆಚ್ಚುಕಡಿಮೆ ಕಾಣುತ್ತಿರಲಿಲ್ಲವಂತೆ. ಕಲ್ಲಿನವರಲ್ಲವೇ. ಒಂದು ಹೋಳು ಇಸ್ಮಾಯಿಲ್ ಸಾಬರಿಗೆ, ಒಂದು ತಮಗೆ, ಮೇಲೆ ಕಪ್ಪು ಬಸಿ ಚಹಾ. ಡಾಕ್ಟರಮ್ಮ ಬೇಡ ಅಂದದ್ದೆಲ್ಲ ಒಂದೇ ಕೂಟದಲ್ಲಿ ಮುಗಿಯಿತು.

ನಿತ್ಯದ ಪದ್ಧತಿಯೇ ಆಯಿತು ಇದು. ಇಸ್ಮಾಯಿಲ್ ಸಾಬರು ಆ ಅರ್ಧ ಗುಳಿಗೆಗಳನ್ನು ಏನು ಮಾಡಿದರು ಎಂದು ನಾನು ಅವರನ್ನು ಬಹಳ ತಡವಾಗಿ ಕೇಳಿದೆ.

"ನನಗ ಮೊದಲೇ ಬಿಪಿ ಅದ. ಇನ್ನೊಬ್ಬರ ಗುಳಿಗಿ ನಾ ಯಾಕ ನುಂಗಲಿ? ಕಲ್ಲಿನ ಸಂದ್ಯಾಗ ಹಾಕತಿದ್ದೆ."

"ಬ್ಯಾಡ ಅನಬೇಕಿತ್ತಿಲ್ಲ ಸಾಬ್?"

"ಹ್ಯಾಂಗ ಅನಲಿ? ಅಷ್ಟು ಪ್ರೀತಿಲೆ ಕೊಡತಿದ್ರು. ಮುಲಾಜ ಬರತದ."

ಇನ್ನೊಮ್ಮೆ ರೈಲಿನಲ್ಲಿ ನಾನೇ ಸಾಕ್ಷಿ. ಸೇಡಮ್ಮಿನ ನಮ್ಮ ಮನೆಗೆ ಬರುತ್ತಿದ್ದ ಕಾಕಾನನ್ನು ವಾಡಿಯಲ್ಲಿ ಕೂಡಿಕೊಂಡಿದ್ದೆ. ಎದುರಿನ ಸೀಟಿನಲ್ಲಿ ಒಬ್ಬ ಮುದುಕಿ ಕೆಮ್ಮುತ್ತಿದ್ದಳು. ಕಾಕಾಗೆ ಗುಳಿಗೆಯ ಹೊತ್ತಾಯಿತು. ನಾನು ಕಿಟಕಿಯಿಂದ ಕಣ್ಣು ತೆಗೆದು ನೋಡುವಷ್ಟರಲ್ಲಿ ಅರ್ಧ ಗುಳಿಗೆ ಮುದುಕಿಯ ಅಂಗೈ ಮೇಲಿತ್ತು. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ಯಾವ ದೇವರದಪ್ಪ?" ಅಂದಳು.

"ಯಮ್ಮಾ, ಅದು ಪ್ರಸಾದ ಅಲ್ಲ. ದಮ್ಮಿನ ಗುಳಿಗಿ. ವಾಪಸ್ ಕೊಡು," ಅಂದೆ ನಾನು.

"ಕೊಟ್ಟಿದ್ದು ಹೊಳ್ಳಿ ಬೇಡೋದು ಯಾವ ಊರ ರೀತಿನೋ ತಮ್ಮಾ?"

"ಎದಿ ಡವಡವ ಅಂತದ, ವಾಂತಿ ಆಗತದ. ನಿನಗ ಡಾಕ್ಟರ್ ಕೊಟ್ಟಿದ್ದಲ್ಲ."

"ಹಿರೇ ಮನಷ್ಯಾ ಕೊಟ್ಟಾನ, ನೀ ಯಾಕ ನಡುವ ಬರತಿ?"

ಮಳಖೇಡ ಬರುವತನಕ ಬೇಡಿ, ಕೊನೆಗೆ ಒಂದು ಬಾಳೆಹಣ್ಣಿಗೆ ಬದಲು ಗುಳಿಗೆ ಬಿಡಿಸಿಕೊಂಡೆ. ಅದೆಲ್ಲ ಆಗುವತನಕ ಕಾಕಾ ನನ್ನ ಕಡೆ ನೋಡಲಿಲ್ಲ. ರೈಲು ಇಳಿದ ಮೇಲೆ, "ನಾಕ ಮಂದಿಯೊಳಗ ನನ್ನ ಮರ್ಯಾದಿ ಕಳದಿ" ಅಂದರು. ಒಡೆದ ಗುಳಿಗೆಯ ಬಗ್ಗೆ ನಾನು ಬೈದದ್ದಕ್ಕೆ, "ಇವತ್ತೊಂದ ದಿನ ಒಡದೆ" ಅಂದರು. ಕಾಕಾ ಸುಳ್ಳು ಹೇಳಿದರೂ ಅದು ಬಹಳ ಮರ್ಯಾದೆಯ ಸುಳ್ಳಾಗಿರುತ್ತಿತ್ತು. ನಂಬದಿದ್ದರೆ ನಮಗೇ ಪಾಪ ಬಂದೀತು ಅನಿಸುವಂಥದ್ದು.

ಉಸಿರು ಸುಧಾರಿಸಲಿಲ್ಲ. ಹೇಗೆ ಸುಧಾರಿಸಬೇಕು? ಅರ್ಧ ಗುಳಿಗೆ ಕಲ್ಲಿನ ಸಂದಿಗೆ, ಉಳಿದರ್ಧ ಒಡೆದು ಹಾಳಾದದ್ದು, ಮೇಲೆ ಬೀಡಿಯ ಹೊಗೆ. ಡಾಕ್ಟರಮ್ಮ ಮಾತ್ರ ಕೇಳುತ್ತಲೇ ಇದ್ದರು: "ಪೂರಾ ಗುಳಿಗಿ ತಗೋತೀರಿಲ್ಲ?" "ತಪ್ಪಸಂಗಿಲ್ರಿ." "ಬೀಡಿ?" "ಛೇ." ಎರಡೂ ಸುಳ್ಳನ್ನು ನಂಬಿ ಅವರು ಗುಳಿಗೆಯನ್ನು ಇನ್ನೂ ಜೋರಿನದಾಗಿ ಬದಲಿಸಿಕೊಟ್ಟರು. ಅಷ್ಟೇ ಆಗಿದ್ದರೆ ಈ ಕಥೆ ಹೀಗೇ ಎಳೆದಾಡುತ್ತ ನಡೆಯುತ್ತಿತ್ತೋ ಏನೋ. ಅವರು ಇನ್ನೊಂದು ಕೆಲಸ ಮಾಡಿದರು. ಕಾಕಾನನ್ನು ಹೊಗಳಿದರು.

"ಕಲ್ಲಿನ ಕೆಲಸದಾಗ ಬೀಡಿ ಮುಟ್ಟದವರು ನನಗ ನೀವೊಬ್ರೇ ಸಿಕ್ಕೀರಿ ನೋಡ್ರಿ ಕಾಕಾ," ಎಂದು, ಹೊರಗೆ ಸರದಿಯಲ್ಲಿ ಕೂತಿದ್ದ ಒಬ್ಬ ಬೀಡಿಪ್ರಿಯನನ್ನು ಒಳಗೆ ಕರೆಸಿದರು. "ಇವರಿಗೆ ನೋಡಿ ಕಲಿ."

ಆ ಮನುಷ್ಯ ಕಾಕಾನನ್ನು ಮೇಲಿಂದ ಕೆಳಗೆ ನೋಡಿದ. ಕಾಕಾನ ಜೇಬನ್ನೂ ನೋಡಿದ. ಆಮೇಲೆ ಕೈ ಮುಗಿದ.

ಬೈದಿದ್ದರೆ ಕಾಕಾ ತಡೆದುಕೊಳ್ಳುತ್ತಿದ್ದರು. ಬೈಗಳು ಅವರಿಗೆ ಎಂದೂ ತಟ್ಟಿದ್ದಿಲ್ಲ. ಹೊಗಳಿಕೆಯ ಮುಲಾಜು ತಡೆಯಲಾಗಲಿಲ್ಲ. ಅವತ್ತೇ ಊರಿಗೆ ಮರಳುವಾಗ ರೈಲಿನ ಕಿಟಕಿಯಿಂದ ಬೀಡಿಕಟ್ಟು ಹೊರಗೆ ಎಸೆದರು. ಅಥವಾ ಎಸೆಯಲಿಲ್ಲವೋ ಏನೋ; ಕಿಟಕಿ, ಗಾಳಿ, ಹಾರಿಹೋಗುವ ಬೀಡಿಕಟ್ಟು ಎಲ್ಲ ಬಹಳ ಚೆಂದ ಕೂತಿವೆ, ನಾನೇ ಸೇರಿಸಿರಬಹುದು. ಕಾಕಾ ಯಾವುದನ್ನೂ ಎಸೆಯುವವರಲ್ಲ, ಪಕ್ಕದವರಿಗೆ ಕೊಟ್ಟಿರುತ್ತಾರೆ. ಏನೇ ಇರಲಿ, ಬೀಡಿ ಬಿಟ್ಟದ್ದು ನಿಜ. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಎಂದೋ ಬಿಟ್ಟದ್ದನ್ನು ಇವತ್ತು ಬಿಟ್ಟೆ ಎನ್ನಬೇಕಾಗುತ್ತಿತ್ತು.

ಅದೇ ದಿನಗಳಲ್ಲಿ ಇಸ್ಮಾಯಿಲ್ ಸಾಬರು ಮಗಳ ಹೆರಿಗೆಗೆಂದು ಚಿಂಚೋಳಿಗೆ ಹೋದರು. ಗುಳಿಗೆ ಹಂಚಿಕೊಳ್ಳಲು ಜನವಿಲ್ಲ. ಅರ್ಧ ಗುಳಿಗೆ ಬಿಸಾಡುವುದು ಅನ್ನ ಬಿಸಾಡಿದ ಹಾಗೆ ಎಂದು ಕಾಕಾ ಎರಡೂ ಹೋಳನ್ನು ತಾವೇ ಬಾಯಿಗೆ ಹಾಕಿಕೊಳ್ಳತೊಡಗಿದರು. ಚಹಾ ಕೂಡ ಕಪ್ಪು, ಬಸಿ ಎರಡೂ ಅವರದೇ.

ಅಂದರೆ ಡಾಕ್ಟರಮ್ಮನಿಗೆ ಹೇಳಿದ್ದ ಎರಡೂ ಸುಳ್ಳು ಒಂದೇ ವಾರದಲ್ಲಿ ನಿಜವಾದವು. ಪೂರ್ತಿ ಗುಳಿಗೆ ತಗೋತೀನಿ ಅಂದಿದ್ದರು, ತಗೊಂಡರು. ಬೀಡಿ ಸೇದಂಗಿಲ್ಲ ಅಂದಿದ್ದರು, ಸೇದಲಿಲ್ಲ. ಸುಳ್ಳು ಹೇಳಿ ಕೆಟ್ಟವರನ್ನು ನೀವು ಕಂಡಿರಬಹುದು. ಹೇಳಿದ ಸುಳ್ಳು ನಿಜವಾದ್ದರಿಂದ ಕೆಟ್ಟವರನ್ನು ಕಂಡಿದ್ದೀರಾ?

ಆ ವಾರದ ಕೊನೆಗೆ ಕಾಕಾ, ಕಕ್ಕಿ ಇಬ್ಬರೂ ಸೇಡಮ್ಮಿಗೆ ನಮ್ಮ ಮನೆಗೆ ಬಂದಿದ್ದರು. ಮುಂಜಾನೆ ಚಹಾ ಕೊಟ್ಟರೆ ಕಾಕಾನ ಕೈಯಲ್ಲಿ ಬಸಿ ಟಕಟಕ ಎಂದು ಬಡಿದುಕೊಳ್ಳುತ್ತಿತ್ತು. ಎದ್ದು ಹೋಗಿ ವಾಂತಿ ಮಾಡಿಕೊಂಡು ಬಂದರು.

"ಏನಾಗ್ಯದ ಕಾಕಾ?"

"ಏನಿಲ್ಲ. ನಿಮ್ಮ ಮನಿಗೆ ಬಂದಿದ್ದಕ್ಕ ಭಾಳ ಖುಷಿ ಆಗ್ಯದ."

ಕಕ್ಕಿ ಚಿಂಚೋಳಿ ಕಡೆಯವರು. ಮಾತು ಕಡಿಮೆ, ಆಡಿದರೆ ಕಡಕ್. ಗಂಡನ ಎದೆಯ ಮೇಲೆ ಕೈ ಇಟ್ಟು, "ಇದು ಖುಷಿ ಅಲ್ಲ. ಗಾಡಿ ತಗಿ," ಎಂದು ನನಗೆ ಹೇಳಿದರು. ಎದೆ ಓಡುತ್ತಿತ್ತು. ಅಷ್ಟೇ ಅಲ್ಲ, ಓಡುತ್ತ ಎಡವುತ್ತಿತ್ತು.

ದವಾಖಾನೆಯಲ್ಲಿ ಕಾಕಾನನ್ನು ಮಲಗಿಸಿ ಎದೆಗೆ ವಯರು ಹಚ್ಚಿದರು. ಡಾಕ್ಟರಮ್ಮ ಉದ್ದನೆಯ ಕಾಗದ ಹಿಡಿದು ನೋಡಿದರು. ಮೋರೆಯಲ್ಲಿ ನಗು ಇರಲಿಲ್ಲ.

"ಕಾಕಾ, ಗುಳಿಗಿ ಎಷ್ಟು ತಗೊಂಡೀರಿ?"

"ನೀವು ಹೇಳಿದಷ್ಟೇ ಮೇಡಂ." ಪಾಪ, ಮೊಟ್ಟಮೊದಲ ಸಲ ಖರೆ ಹೇಳಿದ್ದರು.

"ಜ್ವರಕ್ಕೋ ಹೊಟ್ಟಿ ಉರಿಗೋ ಬ್ಯಾರೇ ಗುಳಿಗಿ ತಗೊಂಡೀರೇನು?"

"ಇಲ್ರಿ."

"ಗುಳಿಗಿ ಜೋರಿಂದು ಕೊಟ್ಟೀನಿ ಖರೆ, ಆದರ ಅಷ್ಟಕ್ಕ ಇಷ್ಟು ಯಾಕ ಏರ್ತು?" ಅವರು ನಮ್ಮ ಕಡೆ ತಿರುಗಿದರು. "ಬೀಡಿ ಸೇದೋರು ಬಿಟ್ರ ಹಿಂಗ ಆಗೋದದ. ಹೊಗಿ ಇರೋತನಕ ಮೈ ಈ ಔಷಧ ಜಲ್ದಿ ಖಾಲಿ ಮಾಡತದ. ಹೊಗಿ ನಿಂತ್ರ ಔಷಧ ಒಳಗೇ ಕೂಡಕೋತ ಹೋಗತದ. ಬೀಡಿ ಬಿಡೋದು ಭಾಳ ಚಲೋ, ಆದರ ಅದು ನಮಗ ಹೇಳಬೇಕು, ನಾವು ಗುಳಿಗಿ ಕಮ್ಮಿ ಮಾಡತೀವಿ. ಆದರ ನಿಮ್ಮ ಕಾಕಾ ಬೀಡಿ ಮುಟ್ಟಿದವರೇ ಅಲ್ಲ. ಅಂದ್ರ ತ್ರಾಸು ಗುಳಿಗಿದಲ್ಲ, ಹಾರ್ಟಿಂದೇ ಅನಬೇಕು. ಹಂಗಿದ್ರ ದಾರಿ ಬ್ಯಾರೆ, ಔಷಧ ಬ್ಯಾರೆ. ತಪ್ಪು ದಾರಿ ಹಿಡದ್ರ ಕಷ್ಟ ಆಗತದ. ಕಾಕಾ, ನೆನಪು ಮಾಡ್ಕೊಂಡು ಹೇಳ್ರಿ. ಏನರೆ ಬದಲಿ ಆಗ್ಯದೇನು?"

ಕಾಕಾ ಡಾಕ್ಟರಮ್ಮನ ಮೋರೆ ನೋಡಿದರು. ಬೀಡಿ ಮುಟ್ಟದವರು ನೀವೊಬ್ಬರೇ ಎಂದಿದ್ದ ಮೋರೆ ಅದು. ಆಮೇಲೆ ಕಕ್ಕಿಯ ಮೋರೆ ನೋಡಿದರು. ಆಣೆ ಮಾಡಿದ್ದು ಆ ಮೋರೆಯ ಮುಂದೆ. ಬಾಯಿ ತೆರೆದರು.

"ಏನೂ ಇಲ್ರಿ," ಅಂದರು.

ಪಕ್ಕದ ಯಂತ್ರದ ಸದ್ದು ಒಮ್ಮೆ ಜೋರಾಗಿ, ಒಮ್ಮೆ ತಪ್ಪಿ, ಮತ್ತೆ ಜೋರಾಯಿತು. ಈ ಕೋಣೆಯಲ್ಲಿ ಒಬ್ಬ ಮನುಷ್ಯ ಮರ್ಯಾದೆಗಾಗಿ ಸಾಯುತ್ತಾನೆ ಎಂದು ನನಗೆ ಆಗ ಹೊಳೆಯಿತು. ಹೊಳೆಯಿತೋ, ಈಗ ಬರೆಯುವಾಗ ಹೊಳೆಯುತ್ತಿದೆಯೋ.

ಕಕ್ಕಿ ಸೆರಗು ಸರಿಮಾಡಿಕೊಂಡರು.

"ಸೇದತಿದ್ರು ಮೇಡಂ," ಅಂದರು ಡಾಕ್ಟರಮ್ಮನಿಗೆ. "ದಿನಾ ಸೇದತಿದ್ರು. ಹ್ವಾದ ವಾರ ಬಿಟ್ಟಾರ."

ಡಾಕ್ಟರಮ್ಮ ಒಂದು ಕ್ಷಣವೂ ನಿಲ್ಲಲಿಲ್ಲ. ನರ್ಸಿಗೆ ಏನೇನೋ ಹೇಳುತ್ತ, ಗುಳಿಗೆ ನಿಲ್ಲಿಸಿ, ರಕ್ತ ತೆಗೆಸಿ, ಸಲಾಯಿನ್ ಹಚ್ಚಿಸಿ ಕೆಲಸಕ್ಕೆ ಬಿದ್ದರು. ಆ ಗಡಿಬಿಡಿಯ ನಡುವೆ ಕಾಕಾ ಕಕ್ಕಿಯನ್ನೇ ನೋಡುತ್ತಿದ್ದರು.

"ನಿನಗ ಗೊತ್ತಿತ್ತಾ?"

"ಅಂಗಿ ಒಗಿಯೋಳು ನಾ ಅಲ್ಲೇನು? ಜೇಬಿನಾಗ ದಿನಾ ತಂಬಾಕಿನ ಪುಡಿ ಇರತಿತ್ತು. ಈ ವಾರ ಇದ್ದಿದ್ದಿಲ್ಲ."

"ಮತ್ತ ಇಷ್ಟ ವರ್ಷ ಯಾಕ ಕೇಳಲಿಲ್ಲ?"

ಕಕ್ಕಿ ನೀರಿನ ಲೋಟಕ್ಕೆ ಕೈ ಹಾಕಿ, ಎತ್ತದೆ ಹಾಗೇ ಬಿಟ್ಟರು.

"ಕೇಳಿದ್ರ ನೀವು ಸುಳ್ಳು ಹೇಳಬೇಕಾಗತಿತ್ತು."

ಸಲಾಯಿನ್ ಹನಿಯುತ್ತಿತ್ತು. ಡಾಕ್ಟರಮ್ಮ ಮತ್ತೆ ಹತ್ತಿರ ಬಂದು ಬಾಗಿ, ಈಗ ಹೇಗಿದೆ ಎಂದು ಕೇಳಿದರು. ಕಾಕಾ ರೂಢಿಯಂತೆ ನಗಲು ಮೋರೆ ಸಜ್ಜು ಮಾಡಿಕೊಂಡರು. ಆ ನಗು ಅರ್ಧಕ್ಕೇ ನಿಂತಿತು.

"ಉಸಿರು ಸಿಗವಲ್ದು ಮೇಡಂ," ಅಂದರು. "ಭಾಳ ದಿನದಿಂದ ಸಿಗವಲ್ದು. ನನಗ ಅಂಜಿಕಿ ಆಗ್ಲಿಕತ್ತದ."

ಅಷ್ಟರಲ್ಲಿ ಅವರ ಕೈ ಕಕ್ಕಿಯ ಕೈಯೊಳಗಿತ್ತು. ಯಾರ ಕೈ ಮೊದಲು ಚಾಚಿತು ಎಂಬುದು ನನಗೆ ಗೊತ್ತಿಲ್ಲ. ನಾನು ಗೋಡೆ ನೋಡುತ್ತಿದ್ದೆ.